ಸಿಸ್ಟರ್ ಯಾಕೆ ಸಿಡುಕುತ್ತಾರೆ?

(ದಾದಿಯರ ದಿನದ ಹೊತ್ತಿನಲ್ಲಿ ಮಂಡ್ಯದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಆಸ್ಪತ್ರೆ ಸಿಬ್ಬಂದಿಯ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದಾರೆ. ಅವರನ್ನು ಎಬ್ಬಿಸಬೇಡಿ. ನೈಟ್ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾರಂತೆ. ನಾನು ಹೇಳಬೇಕಾದ್ದರಲ್ಲಿ ಅರ್ಧವನ್ನು ಅವರೇ ನಿದ್ದೆಯಲ್ಲಿ ಹೇಳುತ್ತಿದ್ದಾರೆ.

ಮೊನ್ನೆ ಮೈಸೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಒಬ್ಬರ ತಂದೆ ಆಸ್ಪತ್ರೆಯಲ್ಲಿದ್ದಾರೆ. ಆಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದರು: "ಆ ಸಿಸ್ಟ್ರು ಮಾತಾಡ್ಸುದ್ರೆ ಉರ್ದು ಬೀಳ್ತಾಳೆ ಕನಕ್ಕ. ಗ್ಲೂಕೋಸು ಖಾಲಿ ಆಗದೆ ಅಂದ್ರೆ, ನಂಗೂ ಕಣ್ಣದೆ ಅಂತಳೆ." ಪಕ್ಕದವರು, "ಅವ್ರ್ಗೆ ಸಂಬ್ಳ ಬತ್ತದಲ್ಲ, ಕೊಬ್ಬು" ಅಂದರು.

ನಾನು ಹಿಂದಕ್ಕೆ ತಿರುಗಲಿಲ್ಲ. ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ತಿರುಗಿದ್ದರೆ ಜಗಳವೇ ಆಗುತ್ತಿತ್ತು. ಆದರೆ ಬಸ್ಸು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನನಗೆ ಅನಿಸಿದ್ದು ಬೇರೆ. ಆಕೆ ಹೇಳಿದ್ದು ಸುಳ್ಳಲ್ಲ. ಆ ಸಿಸ್ಟರ್ ಸಿಡುಕಿದ್ದು ನಿಜ ಇರಬಹುದು. ನಾನೂ ಸಿಡುಕಿದ್ದೇನೆ. ನೀವೂ ಸಿಡುಕುತ್ತೀರಿ. ಪ್ರಶ್ನೆ ಏನೆಂದರೆ, ಕೊಬ್ಬಿನಿಂದಲೇ ಸಿಡುಕಿದಳಾ? ನರ್ಸಿಂಗ್ ಸೇರುವಾಗ ಯಾವ ಹುಡುಗಿಯೂ ಸಿಡುಕಿಯಾಗಿ ಬರುವುದಿಲ್ಲ. ಹತ್ತು ವರ್ಷದಲ್ಲಿ ಹಾಗಾಗುತ್ತಾಳೆ. ಆ ಹತ್ತು ವರ್ಷದಲ್ಲಿ ಏನು ನಡೆಯುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ರಾತ್ರಿಯ ಕತೆ ಹೇಳುತ್ತೇನೆ. ಆಸ್ಪತ್ರೆ ಯಾವುದು ಅಂತ ಕೇಳಬೇಡಿ.

ಗಂಡಸರ ಮೆಡಿಕಲ್ ವಾರ್ಡು. ಹಾಸಿಗೆ 30. ರೋಗಿಗಳು 36. ಮಿಕ್ಕವರು ನೆಲದ ಮೇಲೆ ಚಾಪೆಯಲ್ಲಿ. ರಾತ್ರಿ 8ಕ್ಕೆ ನಾನು ಓವರ್ ತೆಗೆದುಕೊಂಡೆ, ಅಂದರೆ ಹಿಂದಿನ ಪಾಳಿಯವರಿಂದ ವಾರ್ಡಿನ ಹೊಣೆ. ಇಬ್ಬರು ಇರಬೇಕಿತ್ತು. ಜೊತೆಯವಳು ಹೆರಿಗೆ ರಜೆ. ಅವಳ ಬದಲಿಗೆ ಯಾರೂ ಇಲ್ಲ. ಬೆಳಗ್ಗೆ 8ರವರೆಗೆ ನಾನು, ಒಬ್ಬ ವಾರ್ಡ್ ಬಾಯ್, ಅಷ್ಟೇ. 9 ಗಂಟೆಯ ಇಂಜೆಕ್ಷನ್ ಸುತ್ತು ಮುಗಿಯುವುದರೊಳಗೆ ಒಂದು ಕೇಸ್ ಬಂತು. ಹೊಲಕ್ಕೆ ಹೊಡೆಯುವ ಔಷಧಿ ಕುಡಿದ ಹುಡುಗ, ಇಪ್ಪತ್ತೆರಡು ವರ್ಷ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು. ಈ ಕಡೆ ಕೆಲಸ ಮಾಡಿದವರಿಗೆ ಗೊತ್ತು, ಇಂಥ ಕೇಸು ನಮ್ಮ ವಾರ್ಡುಗಳಿಗೆ ಹೊಸದಲ್ಲ. ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಲೇ ಇರಬೇಕು, ಎದೆ ಒಣಗುವವರೆಗೆ. ಐದೈದು ನಿಮಿಷಕ್ಕೊಮ್ಮೆ ನಾಡಿ ನೋಡಬೇಕು. ಮದ್ದು ಕಡಿಮೆಯಾದರೆ ಉಸಿರು ನಿಲ್ಲುತ್ತದೆ. ಜಾಸ್ತಿಯಾದರೆ ಬಡಬಡಿಸುತ್ತಾನೆ, ಹಾಸಿಗೆಯಿಂದ ಎದ್ದು ಓಡಲು ನೋಡುತ್ತಾನೆ. ಒಬ್ಬನ ಪಕ್ಕದಲ್ಲಿ ಒಬ್ಬಳು ನಿಂತೇ ಇರಬೇಕಾದ ಕೆಲಸ. ಮಿಕ್ಕ 36 ಜನರನ್ನು ಯಾರು ನೋಡಬೇಕು?

ಹುಡುಗನ ತಾಯಿ ನನ್ನ ಸೆರಗು ಹಿಡಿದುಕೊಂಡಿದ್ದರು. ಮೂಲೆಯಲ್ಲಿ ಇಬ್ಬರ ಡ್ರಿಪ್ ಮುಗಿದಿತ್ತು. ಇನ್ನೊಬ್ಬರಿಗೆ ಡ್ರಿಪ್‌ಗೆಂದು ಚುಚ್ಚಿದ ಕ್ಯಾನುಲಾ ಕೊಳವೆಯ ಜಾಗ ಊದಿಕೊಂಡಿತ್ತು. ರಾತ್ರಿ ಎರಡೂವರೆಗೆ ಬಾಗಿಲ ಹತ್ತಿರದ ಹಾಸಿಗೆಯ ಮುದುಕಪ್ಪ ಕರೆದರು. ಅವರು ಮದ್ದೂರಿನ ಕಡೆಯವರು. ಮೂತ್ರಕ್ಕೆ ಪಾತ್ರೆ ಬೇಕಿತ್ತು. ಮೂರು ಸಲ ಕರೆದರು. ನಾಲ್ಕನೇ ಸಲ ಕರೆದಾಗ ನಾನು ಅಲ್ಲಿಂದಲೇ ಕಿರುಚಿದೆ. "ಒಂದು ರಾತ್ರಿ ತಡ್ಕೊಳ್ಳೋಕೆ ಆಗಲ್ವಾ ನಿಮಗೆ?" ಇಡೀ ವಾರ್ಡು ಎದ್ದಿತು. ಅವರು, "ಬುಡವ್ವ, ಬುಡು" ಅಂದರು, ಮೆತ್ತಗೆ. ಆಮೇಲೆ ಕರೆಯಲೇ ಇಲ್ಲ. ಹಾಸಿಗೆ ಒದ್ದೆಯಾಯಿತು. ಬೆಳಗ್ಗೆ ಆರಕ್ಕೆ ಬಟ್ಟೆ ಬದಲಾಯಿಸುವಾಗ ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು. "ರಾತ್ರಿ ಉಂಡ್ಯೇನವ್ವ?"

ಉಂಡಿರಲಿಲ್ಲ. ಡಬ್ಬಿ ಬ್ಯಾಗಿನಲ್ಲೇ ಹಳಸಿತ್ತು. ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹುಡುಗ ಬದುಕಿದ. ಕೇಸ್ ಶೀಟಿನಲ್ಲಿ ಅದು ಇದೆ. ಮುದುಕಪ್ಪನ ವಿಷಯ ಯಾವ ಶೀಟಿನಲ್ಲೂ ಇಲ್ಲ. ನನ್ನ ತಲೆಯಲ್ಲಿ ಮಾತ್ರ ಇದೆ, ಇಷ್ಟು ವರ್ಷವಾದರೂ.

ಈ ರಾತ್ರಿಯಲ್ಲಿ ತಪ್ಪು ಯಾರದು? ನನ್ನ ತಾಳ್ಮೆಯದು ಅಂತ ಆಗ ನಂಬಿದ್ದೆ. ನಮಗೆ ಕಲಿಸಿದ್ದೇ ಹಾಗೆ. ಸೇವೆ, ತ್ಯಾಗ, ಕೈಯಲ್ಲಿ ದೀಪ ಹಿಡಿದ ಮಹಾತಾಯಿ. ಮೇ 12 ಬಂದರೆ ಮೇಣದ ಬತ್ತಿ ಹಚ್ಚಿ ಪ್ರತಿಜ್ಞೆ ಮಾಡಿಸುತ್ತಾರೆ. ತಪ್ಪಲ್ಲ, ಹಚ್ಚಲಿ. ಆದರೆ ಒಂದು ಮಾತು. ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದು ಓಡಾಡಿದ್ದು ಎಷ್ಟು ನಿಜವೋ, ಲೆಕ್ಕದ ಪುಸ್ತಕ ಹಿಡಿದು ಸರ್ಕಾರವನ್ನು ಕಾಡಿದ್ದೂ ಅಷ್ಟೇ ನಿಜ. ಸೈನಿಕರು ಗಾಯಕ್ಕಿಂತ ಜಾಸ್ತಿ ರೋಗಕ್ಕೆ ಸಾಯುತ್ತಿದ್ದಾರೆ ಅಂತ ಅಂಕಿಅಂಶದ ಚಿತ್ರ ಬಿಡಿಸಿ ತೋರಿಸಿದವರು ಅವರು. ನಾವು ದೀಪ ಇಟ್ಟುಕೊಂಡೆವು, ಲೆಕ್ಕ ಬಿಟ್ಟೆವು.

ಹಾಗಾಗಿ ಸ್ವಲ್ಪ ಲೆಕ್ಕ ನೋಡೋಣ.

2002ರಲ್ಲಿ ಅಮೆರಿಕದ ಲಿಂಡಾ ಏಕನ್ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳು, ಹತ್ತು ಸಾವಿರಕ್ಕೂ ಜಾಸ್ತಿ ನರ್ಸ್‌ಗಳು, ಆಪರೇಷನ್ ಆದ ಎರಡು ಲಕ್ಷಕ್ಕೂ ಮೀರಿದ ರೋಗಿಗಳು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆಗೆ ಒಬ್ಬರು ಸೇರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇಕಡಾ 7ರಷ್ಟು ಹೆಚ್ಚು. ನರ್ಸ್ ಮಾನಸಿಕವಾಗಿ ಬಳಲಿ ಬೆಂಡಾಗುವ ಸಾಧ್ಯತೆ ಶೇಕಡಾ 23ರಷ್ಟು ಹೆಚ್ಚು. ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ ಇದು ಏರುತ್ತಾ ಹೋಗುತ್ತದೆ. ಅವರು ನಾಲ್ಕು, ಆರು, ಎಂಟು ರೋಗಿಗಳ ನಡುವಿನ ವ್ಯತ್ಯಾಸ ಲೆಕ್ಕ ಹಾಕುತ್ತಿದ್ದರು. ಅದನ್ನು ಓದಿದಾಗ ನನಗೆ ನಗು ಬಂತು. ನನ್ನ 36ಕ್ಕೆ ಅವರ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ನಮ್ಮಲ್ಲಿ ನಿಯಮ ಇಲ್ಲವಾ? ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ, ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್. ಬೇರೆ ಆಸ್ಪತ್ರೆಗಳಲ್ಲಿ 5 ರೋಗಿಗೆ ಒಬ್ಬರು. ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಇದರ ಮೇಲೆ ಶೇಕಡಾ 30ರಷ್ಟು ಜನರನ್ನು ರಜೆಗಳಿಗೆಂದೇ ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕು. ಈ 30 ಇದೆಯಲ್ಲ, ಎಲ್ಲ ಮುರಿದು ಬೀಳುವುದು ಅಲ್ಲೇ. ನಮ್ಮ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ಹೆರಿಗೆ ರಜೆ ಬಂದೇ ಬರುತ್ತದೆ, ಮಗುವಿಗೆ ಜ್ವರ ಬರುತ್ತದೆ, ಊರಲ್ಲಿ ಹಬ್ಬ ಇರುತ್ತದೆ. ಬದಲಿ ಜನ ಇಲ್ಲದಿದ್ದರೆ ಒಬ್ಬಳ ರಜೆ ಇನ್ನೊಬ್ಬಳ ಶಿಕ್ಷೆಯಾಗುತ್ತದೆ. ಆಗ ಏನಾಗುತ್ತದೆ ಗೊತ್ತಾ? ಬಸುರಿಯಾದ ಸಹೋದ್ಯೋಗಿಯ ಮೇಲೆ ನಮಗೆ ಸಿಟ್ಟು ಬರಲು ಶುರುವಾಗುತ್ತದೆ. ಆ ರಾತ್ರಿ ನನಗೂ ಬಂದಿತ್ತು. ಅವಳು ನನ್ನ ಗೆಳತಿ. ಬಾಣಂತನಕ್ಕೆ ನಾನೇ ಸೀರೆ ತೆಗೆದುಕೊಟ್ಟಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಾನೂನೇ ಮಾಡಿದರು. 1999ರಲ್ಲಿ ಮಸೂದೆ, 2004ರಿಂದ ಜಾರಿ. ಒಬ್ಬ ನರ್ಸ್‌ಗೆ ಇಂತಿಷ್ಟೇ ರೋಗಿ, ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಅದು ದುಡ್ಡಿರುವ ದೇಶ, ನಮ್ಮಲ್ಲಿ ಹೇಗೆ ಅಂತೀರಿ. ಸರಿ. ಆದರೆ ನಮ್ಮ ಮೈಸೂರು, ಮಂಡ್ಯದ ಸುತ್ತಮುತ್ತ ವರ್ಷ ವರ್ಷ ನರ್ಸಿಂಗ್ ಕಾಲೇಜುಗಳಿಂದ ಮಕ್ಕಳು ಹೊರಗೆ ಬರುತ್ತಲೇ ಇದ್ದಾರೆ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ನಾಲ್ಕು ವರ್ಷದ ಬಿಎಸ್‌ಸಿ ಮುಗಿಸಿ ಕೊಲ್ಲಿ ದೇಶಗಳಿಗೆ ಅರ್ಜಿ ಹಾಕುತ್ತಾರೆ. ಕೆಲಸ ಕಲಿತ ಕೈಗಳು ಇವೆ. ವಾರ್ಡಿನಲ್ಲಿ ಮಾತ್ರ ಇಲ್ಲ.

ಇನ್ನು ಮನಸ್ಸಿನ ವಿಷಯ. ಕೆಲಸ ಜಾಸ್ತಿ ಇದ್ದರೆ ಮನಸ್ಸು ಕೆಡುತ್ತದೆ ಅನ್ನುವುದು ಅರ್ಧ ಮಾತು. ಅದೇ ಆಸ್ಪತ್ರೆಯಲ್ಲಿ ಸರ್ಜನ್‌ಗೂ ಕೆಲಸ ಜಾಸ್ತಿ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸ ಒಂದು ಸರಳ ವಿಷಯ ಹೇಳಿದರು. ಕೆಲಸದ ಒತ್ತಡ ಒಂದು, ಆ ಕೆಲಸದ ಮೇಲೆ ನಿನಗಿರುವ ಹಿಡಿತ ಇನ್ನೊಂದು. ಒತ್ತಡ ಜಾಸ್ತಿ, ಹಿಡಿತವೂ ಜಾಸ್ತಿ ಇದ್ದರೆ ಮನುಷ್ಯ ದಣಿದರೂ ಬೆಳೆಯುತ್ತಾನೆ. ಒತ್ತಡ ಜಾಸ್ತಿ, ಹಿಡಿತ ಇಲ್ಲ ಅಂದರೆ ಒಳಗೇ ಸವೆಯುತ್ತಾನೆ. ನಮ್ಮದು ಎರಡನೆಯದು. ರೋಗಿಗೆ ಏನಾದರೂ ಆದರೆ ಮೊದಲು ಕೇಳುವುದು, "ಡ್ಯೂಟಿ ಸಿಸ್ಟರ್ ಯಾರು?" ಎಷ್ಟು ರೋಗಿ ತೆಗೆದುಕೊಳ್ಳಬೇಕು, ಯಾವ ಶಿಫ್ಟ್, ಯಾವ ವಾರ್ಡು, ಊಟಕ್ಕೆ ಯಾವಾಗ ಹೋಗಬೇಕು ಅನ್ನುವುದನ್ನೆಲ್ಲ ಬೇರೆ ಯಾರೋ ತೀರ್ಮಾನ ಮಾಡುತ್ತಾರೆ. ಹೊಣೆ ನಮ್ಮ ಹೆಗಲಿಗೆ, ಮಾತು ಇನ್ನೊಬ್ಬರ ಬಾಯಿಗೆ.

ಈಗ ಮೂರು ಮಾತು ಹೇಳುತ್ತೇನೆ. ವಾರ್ಡಿನಲ್ಲಿ ದಿನಾ ಕೇಳುವ ಮಾತುಗಳೇ. "ಅಯ್ಯೋ, ಸಾಕಾಗಿಹೋಗಿದೆ." "ಏನಾದ್ರೂ ಆಗ್ಲಿ ಬಿಡು." "ನಾನು ಮಾಡಿ ಏನ್ ಪ್ರಯೋಜನ?" ಸುಮ್ನೆ ಬಾಯಿಗೆ ಬರುವ ಗೊಣಗಾಟ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅವರ ಜೊತೆಗಾರ್ತಿ 1981ರಲ್ಲಿ ಒಂದು ಅಳತೆಪಟ್ಟಿ ತಯಾರಿಸಿದರು. ಬರ್ನ್‌ಔಟ್, ಅಂದರೆ ಕೆಲಸದಿಂದ ಬಳಲಿ ಬೆಂಡಾಗುವುದನ್ನು, ಅಳೆಯಲು ಇವತ್ತಿಗೂ ಅದನ್ನೇ ಹೆಚ್ಚು ಬಳಸುತ್ತಾರೆ. ಅದರಲ್ಲಿ ಮೂರು ಭಾಗ. ಭಾವನೆಯೆಲ್ಲ ಬತ್ತಿಹೋಗುವುದು. ಎದುರಿನವರು ಮನುಷ್ಯರು ಅನ್ನುವುದು ಮರೆತುಹೋಗುವುದು. ತನ್ನ ಕೆಲಸಕ್ಕೆ ಬೆಲೆಯೇ ಇಲ್ಲ ಅನಿಸುವುದು. ನಮ್ಮ ಸಿಸ್ಟರ್‌ಗಳು ಆ ಪಟ್ಟಿ ನೋಡದೆಯೇ ಮೂರನ್ನೂ ಸಾಲಾಗಿ ಹೇಳುತ್ತಿದ್ದಾರೆ, ನಾವು ಕೇಳಿಸಿಕೊಳ್ಳುತ್ತಿಲ್ಲ.

ಎರಡನೆಯದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬಸ್ಸಿನ ಹೆಂಗಸಿಗೆ ನೋವಾಗಿದ್ದು ಅದರಿಂದಲೇ. ಓವರ್ ಕೊಡುವಾಗ ನಾವು ಹೇಗೆ ಹೇಳುತ್ತೇವೆ? "ಹನ್ನೆರಡನೇ ಬೆಡ್ಡು ಶುಗರ್, ಹದಿನಾಲ್ಕು ಸ್ಟ್ರೋಕ್, ಹದಿನೇಳು ಇವತ್ತು ಹೋಗುತ್ತೆ." ಹೆಸರು ಎಲ್ಲಿ ಹೋಯಿತು? ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ ಇದನ್ನೇ ಗಮನಿಸಿದರು. 1960ರಲ್ಲಿ ಬರೆದರು. ಅಲ್ಲಿಯೂ ನರ್ಸ್‌ಗಳು ರೋಗಿಯನ್ನು "ಹತ್ತನೇ ಬೆಡ್ಡಿನ ಲಿವರ್" ಅನ್ನುತ್ತಿದ್ದರು. ಮೆನ್ಜೀಸ್ ಬೈಯಲಿಲ್ಲ. ಯಾಕೆ ಹೀಗೆ ಅಂತ ಕೇಳಿದರು. ಸಾವು, ನೋವು, ಬೆತ್ತಲೆ ಮೈ, ವಾಸನೆ, ಅಳು, ಇಷ್ಟನ್ನು ದಿನಾ ಹತ್ತಿರದಿಂದ ನೋಡುವ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಗೋಡೆ ಕಟ್ಟುತ್ತದೆ. ಒಬ್ಬಳು ಮಾತ್ರ ಅಲ್ಲ, ಇಡೀ ಆಸ್ಪತ್ರೆಯೇ ಆ ಗೋಡೆ ಕಟ್ಟಲು ಸಹಾಯ ಮಾಡುತ್ತದೆ. ಒಬ್ಬಳಿಗೆ ಎಲ್ಲರ ಬಿಪಿ ನೋಡುವ ಕೆಲಸ, ಇನ್ನೊಬ್ಬಳಿಗೆ ಎಲ್ಲರ ಇಂಜೆಕ್ಷನ್. ಯಾರಿಗೂ ಪೂರ್ತಿ ಮನುಷ್ಯ ಸಿಗುವುದಿಲ್ಲ. ನೋವು ತಪ್ಪುತ್ತದೆ ನಿಜ, ಜೊತೆಗೆ ಈ ಕೆಲಸದ ಸಂತೋಷವೂ ತಪ್ಪುತ್ತದೆ. ಆ ಆಸ್ಪತ್ರೆಯಲ್ಲಿ ಮೂರರಲ್ಲಿ ಒಬ್ಬರಷ್ಟು ಹುಡುಗಿಯರು ತರಬೇತಿ ಮುಗಿಸದೆ ಹೋಗುತ್ತಿದ್ದರು. ಹೋದವರಲ್ಲಿ ಒಳ್ಳೆಯವರೇ ಇದ್ದರು.

ನಾನು ವಾರ್ಡಿನ ಇನ್‌ಚಾರ್ಜ್ ಆದ ಮೇಲೆ ಓವರ್ ಕೊಡುವಾಗ ಹೆಸರು ಹೇಳಲೇಬೇಕು ಅಂತ ಹಟ ಹಿಡಿದೆ. ಎರಡು ವಾರ ಎಲ್ಲರೂ ಗೊಣಗಿದರು. ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಮೈಸೂರಿನ ಬಸ್ ತಪ್ಪುತ್ತದೆ ಅಂತ. ಅವರು ಹೇಳಿದ್ದೂ ಸರಿ. ಹೆಸರು ಹೇಳಲೂ ಪುರುಸೊತ್ತು ಬೇಕು.

ಇನ್ನೊಂದು ಭಾರ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ನೋಡಿ ಇದಕ್ಕೆ ಹೆಸರು ಕೊಟ್ಟರು. ಮನಸ್ಸಿನಲ್ಲಿ ಒಂದಿದ್ದರೂ ಮುಖದಲ್ಲಿ ಇನ್ನೊಂದನ್ನು ತೋರಿಸುವುದೂ ಒಂದು ದುಡಿಮೆ ಅಂತ. ಗಗನಸಖಿ ನಗಬೇಕು. ನಾವು ಒಂದೇ ಗಂಟೆಯಲ್ಲಿ ಒಬ್ಬರ ಮುಂದೆ ನಗಬೇಕು, ಒಬ್ಬರ ಮುಂದೆ ಗಂಭೀರವಾಗಿರಬೇಕು, ಹೆಣದ ಮುಂದೆ ಅಳದೆ ನಿಲ್ಲಬೇಕು. ಮಧ್ಯಾಹ್ನ ಒಂದು ಮಗು ತೀರಿಕೊಂಡಿರುತ್ತದೆ, ಪಕ್ಕದ ಹಾಸಿಗೆಯವರು "ಸಿಸ್ಟರ್, ಸಿಹಿ ತಗೊಳ್ಳಿ, ಡಿಸ್ಚಾರ್ಜು" ಅಂತ ಮೈಸೂರು ಪಾಕು ಕೊಡುತ್ತಾರೆ. ತೆಗೆದುಕೊಂಡು ನಗಬೇಕು. ಈ ಕೆಲಸಕ್ಕೆ ಸಂಬಳದ ಚೀಟಿಯಲ್ಲಿ ಯಾವ ಕಾಲಮ್ಮೂ ಇಲ್ಲ.

ಸಂಬಳ ಅಂದಾಗ ನೆನಪಾಯಿತು. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಅವರ ವಾದ ಚಿಕ್ಕದು. ಹಾಕಿದ ಶ್ರಮಕ್ಕೆ ತಕ್ಕ ಹಣ, ಮರ್ಯಾದೆ, ಕೆಲಸದ ಭದ್ರತೆ ಸಿಗದಿದ್ದರೆ ದೇಹ, ಮನಸ್ಸು ಎರಡೂ ಹದಗೆಡುತ್ತವೆ. ನಮ್ಮ ಗುತ್ತಿಗೆ ಸಿಸ್ಟರ್‌ಗಳನ್ನು ನೋಡಿ. ಅದೇ ವಾರ್ಡು, ಅದೇ ನೈಟು, ಸಂಬಳ ಮಾತ್ರ ಬೇರೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿಯೊಂದು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು. ಇಲ್ಲಿ ಖಾಸಗಿಯಲ್ಲಿ ಕೆಲಸ ಮಾಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನಿಮ್ಮ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತಿರಬಹುದು.

ನೈಟ್ ಡ್ಯೂಟಿ ಬಗ್ಗೆ ನಿಮಗೆ ಹೊಸದಾಗಿ ಹೇಳುವುದೇನಿದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೈ ತಣ್ಣಗಾಗುತ್ತದೆ, ತಲೆ ಮಂಕಾಗುತ್ತದೆ. ಅದು ಸೋಮಾರಿತನ ಅಲ್ಲ, ದೇಹದ ಗಡಿಯಾರ. ಔಷಧಿ ತಪ್ಪಾಗುವ ಭಯ ಜಾಸ್ತಿ ಇರುವ ಹೊತ್ತೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2007ರಲ್ಲೇ, ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂಬ ಗುಂಪಿಗೆ ಸೇರಿಸಿತು. ಇನ್ನು ಹಗಲು ನಿದ್ದೆ. ಮನೆಗೆ ಬಂದು ಮಲಗಿದರೆ ಸೊಪ್ಪಿನವಳು ಕೂಗುತ್ತಾಳೆ, ಗ್ಯಾಸಿನವನು ಬರುತ್ತಾನೆ, ದೇವಸ್ಥಾನದ ಮೈಕು ಶುರುವಾಗುತ್ತದೆ, ಅತ್ತೆ "ಎಷ್ಟೊತ್ತು ಮಲಗ್ತಾಳೆ ನೋಡು" ಅನ್ನುತ್ತಾರೆ. ಗಂಡಸರಿಗೆ ಒಂದು ಪಾಳಿ, ನಮಗೆ ಎರಡು. ನಮ್ಮ ಬ್ರದರ್‌ಗಳು, ಅಂದರೆ ಗಂಡು ನರ್ಸ್‌ಗಳು, ಬೇಜಾರು ಮಾಡಿಕೊಳ್ಳಬೇಡಿ, ನೀವೂ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೆ ಈ ಮಾತು ನಿಮಗಲ್ಲ.

ಆದರೆ ನನ್ನ ಲೆಕ್ಕದಲ್ಲಿ ನಿದ್ದೆಗೆಟ್ಟ ದಣಿವಿಗಿಂತ ಆಳಕ್ಕೆ ಹೋಗುವುದು ಇನ್ನೊಂದಿದೆ. ಯಾವುದು ಸರಿ ಅಂತ ಗೊತ್ತಿದೆ, ಮಾಡಲು ಆಗುವುದಿಲ್ಲ. 1984ರಲ್ಲಿ ಆಂಡ್ರ್ಯೂ ಜೇಮ್‌ಟನ್ ಎಂಬ ನೀತಿಶಾಸ್ತ್ರಜ್ಞ ನರ್ಸ್‌ಗಳ ಬಗ್ಗೆಯೇ ಬರೆಯುತ್ತಾ ಇದನ್ನು ಗುರುತಿಸಿದರು. ಕನ್ನಡದಲ್ಲಿ ಮನಸ್ಸಾಕ್ಷಿಯ ನೋವು ಅನ್ನೋಣ. ದುಡ್ಡು ಮುಗಿದ ಮನೆಯವರು, "ಕರ್ಕೊಂಡೋಯ್ತೀವಿ ಸಿಸ್ಟ್ರೆ" ಅಂತ ಸಹಿ ಹಾಕುತ್ತಾರೆ. ಇನ್ನೆರಡು ದಿನ ಇದ್ದರೆ ಈತ ಬದುಕುತ್ತಾನೆ ಅಂತ ನಮಗೆ ಗೊತ್ತು. ಕ್ಯಾನುಲಾ ತೆಗೆಯುವವರು ಯಾರು? ನಾವೇ. ಹತ್ತಿ ಒತ್ತಿ, ಟೇಪ್ ಹಾಕಿ, "ಬಿಸಿನೀರು ಕುಡಿಸಿ" ಅಂತ ಹೇಳಿ ಕಳಿಸುತ್ತೇವೆ. ಆಮೇಲೆ ಮುಂದಿನ ಹಾಸಿಗೆ. ಇಂಥದ್ದು ಒಂದೊಂದೇ ಒಳಗೆ ಕೂರುತ್ತಾ ಹೋಗುತ್ತದೆ.

ತಪ್ಪಾದಾಗಲೂ ಹಾಗೆಯೇ. ಒಬ್ಬ ರೋಗಿಗೆ ಕೊಡಬೇಕಾದ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಯಿತು ಅನ್ನಿ. ರೋಗಿಗೆ ತೊಂದರೆ ಆಗಲಿ ಆಗದಿರಲಿ, ಕೊಟ್ಟವಳು ತಿಂಗಳುಗಟ್ಟಲೆ ನಿದ್ದೆ ಮಾಡುವುದಿಲ್ಲ. ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಇಂಥವರನ್ನು ಎರಡನೇ ಬಲಿಪಶು ಅಂದರು. ನಮ್ಮಲ್ಲಿ ಅವಳಿಗೆ ಸಿಗುವುದು ಮೆಮೊ.

ಹಲ್ಲೆಯ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಾರೆ. ಹೊನ್ನಾವರದ ಹತ್ತಿರ ಹಳದೀಪುರ ಎಂಬ ಊರಿದೆ. ಅಲ್ಲಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವರು ಅರುಣಾ ಶಾನಭಾಗ. 1973ರ ನವೆಂಬರ್‌ನಲ್ಲಿ ಅವರು ಬಟ್ಟೆ ಬದಲಾಯಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದಾಳಿ ಮಾಡಿದ. ಅವರಿಗೆ ಮತ್ತೆ ಪ್ರಜ್ಞೆ ಮರಳಲೇ ಇಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸ್‌ಗಳು. ಒಂದು ಪೀಳಿಗೆ ನಿವೃತ್ತಿಯಾಯಿತು, ಇನ್ನೊಂದು ಬಂತು, ಅವರನ್ನು ನೋಡಿಯೇ ಇರದ ಹುಡುಗಿಯರು ಬಂದು ತಲೆ ಬಾಚಿದರು. ನರ್ಸ್‌ಗಳಿಗೆ ಕರುಣೆ ಇಲ್ಲ ಅನ್ನುವವರು ಇದನ್ನು ಓದಬೇಕು. ಹಾಗೆಯೇ, ಕರುಣೆ ಇದೆಯಲ್ಲ ಸಾಕು ಅನ್ನುವ ಆಡಳಿತದವರೂ ಓದಬೇಕು. ಆಕೆಗೆ ಬೇಕಾಗಿದ್ದು ಕರುಣೆಯಲ್ಲ, ಬಟ್ಟೆ ಬದಲಾಯಿಸಲು ಚಿಲಕವಿರುವ ಒಂದು ಕೋಣೆ.

ನಮ್ಮ ರಾಜ್ಯದಲ್ಲಿ 2009ರಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕಾಯ್ದೆ ಬಂತು. ನರ್ಸ್‌ಗಳೂ ಅದರಲ್ಲಿದ್ದಾರೆ. ಕಾಯ್ದೆ ಬಂದಾಗ 3 ವರ್ಷದವರೆಗೆ ಜೈಲು ಅಂತ ಇತ್ತು. ಆದರೆ ನಮ್ಮವರು ದೂರು ಕೊಡುವುದು ಕಡಿಮೆ. "ಕುಡಿದಿದ್ದ ಬಿಡಿ ಸಿಸ್ಟರ್" ಅಂತ ನಮ್ಮವರೇ ಸಮಾಧಾನ ಮಾಡಿ ಕಳಿಸುತ್ತಾರೆ.

ಹಾಗಾದರೆ ಏನು ಮಾಡಬೇಕು? ಒಂದು ಆಸ್ಪತ್ರೆಯಲ್ಲಿ ಏನು ಮಾಡಿದರು ಅಂತ ಹೇಳುತ್ತೇನೆ. ಸಿಬ್ಬಂದಿಗೆ ಒತ್ತಡ ಜಾಸ್ತಿಯಾಗಿದೆ ಅಂತ ಒಂದು ಯೋಗ ಶಿಬಿರ ಇಟ್ಟರು. ಬೆಳಗ್ಗೆ 9ಕ್ಕೆ. ನೈಟ್ ಮುಗಿಸಿದವರಿಗೆ ಕಡ್ಡಾಯ. ಶವಾಸನ ಹಾಕಿಸಿದ ಎರಡು ನಿಮಿಷಕ್ಕೆ ಅರ್ಧ ಜನ ಗೊರಕೆ ಹೊಡೆದರು. ಶಿಬಿರದವರು ಅಂಥ ಯಶಸ್ಸನ್ನು ಹಿಂದೆಂದೂ ಕಂಡಿರಲಿಲ್ಲ. ಯೋಗವನ್ನು ನಾನು ಹಂಗಿಸುತ್ತಿಲ್ಲ. ಮೈಸೂರಿನವರ ಮುಂದೆ ಯೋಗವನ್ನು ಹಂಗಿಸಿ ಬದುಕುವುದುಂಟಾ? ಆದರೆ ಸೋರುವ ಮಾಡಿನ ಕೆಳಗೆ ಕೂತವಳಿಗೆ ಉಸಿರಾಟ ಹೇಳಿಕೊಟ್ಟರೆ ಮಾಡು ರಿಪೇರಿ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ವಿವರಿಸುವಾಗ ಎಚ್ಚರಿಕೆಯಿಂದ ಮಾತು ಆರಿಸಿದೆ. ಅದನ್ನು ರೋಗ ಅನ್ನಲಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿತು. ಅಂದರೆ ಚಿಕಿತ್ಸೆ ಬೇಕಾಗಿರುವುದು ಮೊದಲು ಕೆಲಸಕ್ಕೆ.

ನನ್ನನ್ನು ಕೇಳಿದರೆ, ಒಂದು ವಾರ್ಡಿನ ಸಿಸ್ಟರ್‌ಗಳ ಮನಸ್ಸು ಹೇಗಿದೆ ಅಂತ ತಿಳಿಯಲು ಅವರನ್ನು ಮಾತಾಡಿಸುವುದೂ ಬೇಡ. ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟ್ ನೋಡಿದರೆ ಸಾಕು. ಎಷ್ಟು ಹೊಡೆದುಹಾಕಿ ತಿದ್ದಿದ್ದಾರೆ, ಯಾರ ಹೆಸರಿನ ಮುಂದೆ ನೈಟ್‌ನ ಎನ್ ಅಕ್ಷರ ಸಾಲಾಗಿ ಇದೆ, ಯಾರ ವಾರದ ಆಫ್ ಎರಡು ಸಲ ಹೋಗಿದೆ. ಎಲ್ಲ ಅಲ್ಲೇ ಇರುತ್ತದೆ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಇನ್‌ಚಾರ್ಜ್ ಆದ ಮೊದಲ ವರ್ಷ ಒಬ್ಬ ಹುಡುಗಿ ನನ್ನ ಮೇಲೆ ಮೇಲಿನವರಿಗೆ ದೂರು ಕೊಟ್ಟಳು. ನಾನು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳ ಚಾರ್ಟಿನಲ್ಲಿ ದಸರೆಯ ವಾರ ಪೂರ್ತಿ ಅವಳಿಗೆ ನೈಟ್ ಹಾಕಿದೆ. ಅವಳ ಮಗುವಿಗೆ ಎರಡು ವರ್ಷ. ಜಂಬೂಸವಾರಿ ತೋರಿಸುತ್ತೇನೆ ಅಂತ ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದಳಂತೆ. ಅದು ಆಮೇಲೆ ಗೊತ್ತಾಯಿತು. ಕೈಯಲ್ಲಿ ಪೆನ್ನಿತ್ತು, ಅದನ್ನೇ ಚಾಟಿ ಮಾಡಿಕೊಂಡೆ. ನನ್ನ ಮೇಲಿನವರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ. ಒತ್ತಡ ಮೇಲಿನಿಂದ ಕೆಳಕ್ಕೆ ನೀರಿನ ಹಾಗೆ ಇಳಿಯುತ್ತದೆ. ಕೊನೆಗೆ ಹೋಗಿ ಮುಟ್ಟುವುದು ಪಾತ್ರೆ ಕೇಳಿದ ಮುದುಕಪ್ಪನನ್ನು.

ಚಾರ್ಟು ಸರಿ ಮಾಡಲು ಕೋಟಿ ರೂಪಾಯಿ ಬೇಡ. ತಿಂಗಳಿಗೆ ಮುಂಚೆಯೇ ಹಾಕಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಹೋಗುವ ಪಾಳಿಯನ್ನು ದೇಹ ತಾಳಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಅಷ್ಟು ತಾಳುವುದಿಲ್ಲ. ರಾತ್ರಿ ಮುಗಿಸಿದವಳನ್ನು ಮೀಟಿಂಗಿಗೆ ಕರೆಯಬೇಡಿ, ಇಂಥ ಸಭೆಗೂ ಕರೆಯಬೇಡಿ. ಅದಲು ಬದಲು ಮಾಡಿಕೊಳ್ಳಲು ಅವರಿಗೇ ಬಿಡಿ. ನರ್ಸಿಂಗ್ ಅಲ್ಲದ ಕೆಲಸ ನರ್ಸ್ ಕೈಯಿಂದ ತೆಗೆಯಿರಿ. ಬೇಕಾದ ಸಾಮಾನಿಗೆ ಇಂಡೆಂಟ್ ಬರೆಯುವುದು, ಟ್ರಾಲಿ ಹುಡುಕುವುದು, ಲ್ಯಾಬ್ ರಿಪೋರ್ಟಿಗೆ ಓಡುವುದು, ಆನ್‌ಲೈನ್‌ನಲ್ಲಿ ಒಂದು ಸಲ, ರಿಜಿಸ್ಟರ್‌ನಲ್ಲಿ ಇನ್ನೊಂದು ಸಲ ಅದನ್ನೇ ಬರೆಯುವುದು. ವಾರ್ಡಿನಲ್ಲಿ ಸಾವಾದ ದಿನ ಹತ್ತು ನಿಮಿಷ ಎಲ್ಲರೂ ಕೂತು ಮಾತಾಡಿ. ಚಹಾ ಇರಲಿ, ಮಿನಿಟ್ಸ್ ಬುಕ್ ಬೇಡ.

ಕೆಲಸದ ಬಳಲಿಕೆಯೇ ಬೇರೆ, ಖಿನ್ನತೆಯೇ ಬೇರೆ ಅನ್ನುವುದು ನೆನಪಿರಲಿ. ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡಬಹುದು. ನಾಲ್ಕು ದಿನ ರಜೆಯಲ್ಲಿ ಊರಿಗೆ ಹೋದಾಗಲೂ ಮನಸ್ಸು ಏಳುತ್ತಿಲ್ಲ, ಯಾವುದರಲ್ಲೂ ರುಚಿ ಇಲ್ಲ, ಎರಡು ವಾರ ದಾಟಿದೆ, ಬದುಕುವುದೇ ಬೇಡ ಅನಿಸುತ್ತಿದೆ ಅಂದರೆ ಅದನ್ನು ಚಾರ್ಟು ಸರಿ ಮಾಡಲಾರದು. ವೈದ್ಯರ ಹತ್ತಿರ ಹೋಗಬೇಕು. ನಮ್ಮದೇ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಲು ನಮಗೆ ಸಂಕೋಚ, ಚೀಟಿ ಬರೆಯುವವಳು ಹಾಸ್ಟೆಲ್ ಗೆಳತಿ. ಅದು ನನಗೂ ಗೊತ್ತು. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ. ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಮೂರು ಗಂಟೆಗೆ ವಾರ್ಡಿನ ಮೂಲೆಯಿಂದಲೂ ಮಾಡಬಹುದು.

ಮಾತು ಮುಗಿದ ಮೇಲೆ ಒಂದಿಷ್ಟು ಪ್ರಶ್ನೆ ಬಂದವು. ಒಬ್ಬ ವಿದ್ಯಾರ್ಥಿನಿ, "ಮೇಡಂ, ಇಷ್ಟೆಲ್ಲ ಕೇಳಿದ ಮೇಲೆ ನಾವು ಈ ಕೆಲಸಕ್ಕೆ ಬರಬೇಕಾ?" ಅಂತ ಕೇಳಿದಳು. ಅಂದು ರಾತ್ರಿ ಬದುಕಿದ ಹುಡುಗ ಆರು ತಿಂಗಳ ಮೇಲೆ ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದ, ಅದನ್ನೂ ಲೆಕ್ಕಕ್ಕೆ ಸೇರಿಸಿಕೋ ಅಂದೆ. ಆಡಳಿತದವರೊಬ್ಬರು ಹುದ್ದೆ ತುಂಬುವುದು ತಮ್ಮ ಕೈಯಲ್ಲಿಲ್ಲ ಅಂದರು. ಚಾರ್ಟು ನಿಮ್ಮ ಕೈಯಲ್ಲಿದೆಯಲ್ಲ ಅಂದೆ. ನಕ್ಕರು.

ಕೊನೆಯದು ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಯುವಕನದು. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದವರು. ತೂಕಡಿಸುತ್ತಿದ್ದ ಇಬ್ಬರಲ್ಲಿ ಒಬ್ಬಳು ಅವರ ಹೆಂಡತಿ. "ಅಮ್ಮ, ಇವಳು ನೈಟ್ ಮುಗಿಸಿ ಬಂದಾಗ ಮಾತಾಡಿಸಿದರೆ ಸಿಡುಕುತ್ತಾಳೆ. ನಾನೇನು ಮಾಡಲಿ?" ಎಲ್ಲರೂ ನಕ್ಕರು, ಅವಳೂ ಎದ್ದು ಕೂತಳು.

ನಾನು ಹೇಳಿದೆ: ಬಂದ ತಕ್ಷಣ ಏನೂ ಕೇಳಬೇಡಪ್ಪ. ಬಿಸಿನೀರು ಕಾಯಿಸಿಡು. ಏನಾದರೂ ತಿನ್ನಲು ಕೊಡು. ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟು. ಅವಳ ಫೋನ್ ತೆಗೆದು ನಿನ್ನ ಜೇಬಿನಲ್ಲಿ ಇಟ್ಟುಕೋ. ಗ್ಯಾಸಿನವನು ಬಂದರೆ ನೀನೇ ಬಾಗಿಲು ತೆಗೆ. ಮಧ್ಯಾಹ್ನ ಎದ್ದ ಮೇಲೆ ಅವಳೇ ಏನಾದರೂ ಹೇಳುತ್ತಾಳೆ. ಆಗ ಮೊಬೈಲು ನೋಡಬೇಡ.